ಚಳಿಗಾಲದ ತರಬೇತಿಗೆ ಅಗ್ಗದ ರೋಡ್ ಬೈಕ್: ರಿಮ್ ಬ್ರೇಕಾ, ಡಿಸ್ಕಾ, ಮನೆಯೊಳಗಿನ ಟರ್ಬೋನಾ?

ಇಂಗ್ಲೆಂಡಿನಲ್ಲಿ ಸೈಕಲ್ ಹುಚ್ಚು ಹಿಡಿದವರ ಮನೆಯಲ್ಲಿ ಸಾಮಾನ್ಯವಾಗಿ ಎರಡು ಸೈಕಲ್ ಇರುತ್ತವೆ. ಬೇಸಿಗೆಗೆ ಒಳ್ಳೆಯದು, ಚಳಿಗಾಲಕ್ಕೆ ಅಗ್ಗದ್ದು. ಅಕ್ಟೋಬರ್ ಮುಗಿಯುವಷ್ಟರಲ್ಲಿ ಒಳ್ಳೆಯದನ್ನು ಒರೆಸಿ, ಎಣ್ಣೆ ಹಾಕಿ, ಗೋಡೆಗೆ ನೇತುಹಾಕುತ್ತಾರೆ. ಮಾರ್ಚ್ ತನಕ ಎಲ್ಲ ಕಷ್ಟವೂ ಅಗ್ಗದ್ದರ ಪಾಲಿಗೆ.

ನಾನಿರುವುದು ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟ್‌ನಲ್ಲಿ. ಒಂದು ಕಡೆ ಚೆಷೈರ್‌ನ ಹೊಲಗಳ ನಡುವಿನ ಸಮತಟ್ಟು ದಾರಿಗಳು, ಇನ್ನೊಂದು ಕಡೆ ಪೀಕ್ ಡಿಸ್ಟ್ರಿಕ್ಟ್‌ನ ಗುಡ್ಡಗಳು. ನವೆಂಬರ್ ಬಂತೆಂದರೆ ಇಲ್ಲಿಯ ಕನ್ನಡದ ಗೆಳೆಯರು ಕೇಳುವುದು ಒಂದೇ: "ಜಾಸ್ತಿ ದುಡ್ಡು ಹಾಕದೆ ಚಳಿಗಾಲಕ್ಕೆ ಯಾವ ಸೈಕಲ್ ತಗೊಳ್ಳಲಿ?" ನಾನು ಮೂರು ದಾರಿಗಳನ್ನೂ ಬಳಸಿ ನೋಡಿದ್ದೇನೆ. ಮೊದಲನೆಯದು ಹಳೆಯ ಅಲ್ಯೂಮಿನಿಯಂ ರೋಡ್ ಬೈಕ್. ರಿಮ್ ಬ್ರೇಕ್ (ಚಕ್ರದ ಅಂಚನ್ನೇ ಎರಡೂ ಕಡೆಯಿಂದ ಹಿಡಿಯುವುದು), ಶಿಮಾನೊ ಕಂಪನಿಯ ಕ್ಲ್ಯಾರಿಸ್ 8 ಸ್ಪೀಡ್ ಗೇರ್, ಅಂದರೆ ಹಿಂದೆ 8 ಹಲ್ಲುಚಕ್ರ. ಎರಡನೆಯದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕ ಡೆಕಾಥ್ಲಾನ್‌ನ ಟ್ರೈಬನ್ ಆರ್‌ಸಿ 520. ಡಿಸ್ಕ್ ಬ್ರೇಕ್ (ಚಕ್ರದ ನಡುವಿನ ಲೋಹದ ತಟ್ಟೆಯನ್ನು ಹಿಡಿಯುವುದು), ಶಿಮಾನೊದ್ದೇ ಇನ್ನೂ ಮೇಲ್ದರ್ಜೆಯ 105 ಗೇರ್, 11 ಸ್ಪೀಡ್. ಮೂರನೆಯದು ಟರ್ಬೋ ಟ್ರೈನರ್, ಅಂದರೆ ಹಿಂದಿನ ಚಕ್ರವನ್ನು ಯಂತ್ರಕ್ಕೆ ಸಿಕ್ಕಿಸಿ ಮನೆಯೊಳಗೇ ತುಳಿಯುವುದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಚಳಿಗಾಲಕ್ಕೆ ಸೈಕಲ್ ಆರಿಸುವಾಗ ಎಲ್ಲರೂ ಮೊದಲು ಗೇರ್ ಸೆಟ್ ನೋಡುತ್ತಾರೆ. ಅದನ್ನು ಕೊನೆಗೆ ನೋಡಬೇಕು. ಪೂರ್ತಿ ಉದ್ದದ ಮಡ್‌ಗಾರ್ಡ್ ಕೂರಲು ಜಾಗ ಇದೆಯಾ? ಒದ್ದೆ ಇಳಿಜಾರಿನಲ್ಲಿ ಬೇಕಾದ ಕಡೆ ನಿಲ್ಲುತ್ತದಾ? ಈ ಎರಡಕ್ಕೆ ಹೌದು ಎನ್ನುವ ಸೈಕಲ್ ಎಷ್ಟು ಅಗ್ಗದ್ದಾದರೂ ಪರವಾಗಿಲ್ಲ.

ಇಲ್ಲಿಯ ಚಳಿಗಾಲದಲ್ಲಿ ಓಡಿಸುವವರಿಗಿಂತ ಸೈಕಲಿಗೇ ಕಷ್ಟ ಜಾಸ್ತಿ. ನಮಗಾದರೆ ಗ್ಲೌಸ್ ಇದೆ, ಉಣ್ಣೆಯ ಸಾಕ್ಸ್ ಇದೆ. ಸೈಕಲಿಗೆ ಉಪ್ಪಿನಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಹಿಮಗಟ್ಟುವ ಸೂಚನೆ ಬಂದ ರಾತ್ರಿ ಮುಖ್ಯ ರಸ್ತೆಗಳ ಮೇಲೆಲ್ಲ ಕಲ್ಲುಪ್ಪು ಚೆಲ್ಲುತ್ತಾರೆ. ಬ್ರಿಟನ್ನಿನ ಅತಿ ದೊಡ್ಡ ಕಲ್ಲುಪ್ಪಿನ ಗಣಿ ನಮ್ಮ ಪಕ್ಕದಲ್ಲೇ, ಚೆಷೈರ್‌ನ ವಿನ್ಸ್‌ಫೋರ್ಡ್‌ನಲ್ಲಿದೆ. 1844ರಲ್ಲಿ ಶುರುವಾದದ್ದು. ಆ ಉಪ್ಪು ನೀರಿನ ಜೊತೆ ಸೇರಿ ಚೈನ್, ಕೇಬಲ್, ಸ್ಕ್ರೂ, ಬೇರಿಂಗ್ ಯಾವುದನ್ನೂ ಬಿಡುವುದಿಲ್ಲ.

ಈಗ ಬ್ರೇಕ್ ವಿಷಯ. ಒಣ ರಸ್ತೆಯಲ್ಲಿ ನನ್ನ ಹಳೆಯ ಸೈಕಲಿನ ರಿಮ್ ಬ್ರೇಕ್ ಬಗ್ಗೆ ಒಂದು ಮಾತೂ ಆಡುವಂತಿಲ್ಲ. ಮಳೆಯಲ್ಲಿ ಕಥೆ ಬೇರೆ. ಲಿವರ್ ಹಿಡಿದ ಕೂಡಲೇ ಏನೂ ಆಗುವುದಿಲ್ಲ. ಪ್ಯಾಡ್ ಮೊದಲು ರಿಮ್ ಮೇಲಿನ ನೀರನ್ನು ಒರೆಸಬೇಕು, ಹಿಡಿತ ಆಮೇಲೆ. ಚೆಷೈರ್‌ನ ಸಮತಟ್ಟು ದಾರಿಯಲ್ಲಿ ಇದು ದೊಡ್ಡ ತೊಂದರೆಯಲ್ಲ, ಸ್ವಲ್ಪ ಮುಂಚೆ ಹಿಡಿದರಾಯಿತು. ಮ್ಯಾಕಲ್ಸ್‌ಫೀಲ್ಡ್‌ನಿಂದ ಕ್ಯಾಟ್ ಅಂಡ್ ಫಿಡಲ್ ಏರು ಹತ್ತಿ ಬನ್ನಿ, ಆಗ ಗೊತ್ತಾಗುತ್ತದೆ. ತುದಿ 500 ಮೀಟರ್‌ಗಿಂತ ಎತ್ತರದಲ್ಲಿದೆ. ಹತ್ತುವಾಗ ಮೈ ಬಿಸಿ. ಇಳಿಯುವಾಗ ಗಾಳಿಗೆ ಬೆರಳು ಮರಗಟ್ಟಿ ಲಿವರ್ ಎಳೆಯುವ ಶಕ್ತಿಯೇ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಬ್ರೇಕ್ ತಡವಾಗಿ ಹಿಡಿದರೆ ಎದೆ ಝಲ್ಲೆನ್ನುತ್ತದೆ.

ಟ್ರೈಬನ್ನಿನಲ್ಲಿರುವುದು ಟಿಆರ್‌ಪಿಯ ಹೈರೋಡ್ ಬ್ರೇಕ್. ಲಿವರ್‌ನಿಂದ ಕ್ಯಾಲಿಪರ್ (ಪ್ಯಾಡ್ ಒತ್ತುವ ಭಾಗ) ತನಕ ಮಾಮೂಲಿ ಕೇಬಲ್, ಕ್ಯಾಲಿಪರ್ ಒಳಗೆ ಮಾತ್ರ ಆಯಿಲ್. ಒದ್ದೆಯಲ್ಲೂ ಎರಡು ಬೆರಳು ಸಾಕು. ಪ್ಯಾಡ್ ಸವೆದಂತೆ ತಾನೇ ಹೊಂದಿಕೊಳ್ಳುತ್ತದೆ. ಇದಕ್ಕಿಂತ ಅಗ್ಗದ, ಪೂರ್ತಿ ಕೇಬಲ್‌ನಿಂದ ನಡೆಯುವ ಡಿಸ್ಕ್ ಬ್ರೇಕ್‌ನಲ್ಲಿ ಆ ಕೆಲಸ ಕೈಯಿಂದ ಮಾಡಬೇಕು. ಅದೂ ಕಷ್ಟವಲ್ಲ, ಮರೆಯಬಾರದು ಅಷ್ಟೇ. ಡಿಸ್ಕ್‌ಗೂ ಒಂದು ಖರ್ಚು ಇದ್ದೇ ಇದೆ. ಮರಳು ಬೆರೆತ ನೀರಿನಲ್ಲಿ ಆರ್ಗ್ಯಾನಿಕ್ ಎಂಬ ಮೆತ್ತನೆಯ ಪ್ಯಾಡ್ ಬೇಗ ಕರಗಿಹೋಗುತ್ತದೆ. ಚಳಿಗಾಲಕ್ಕೆ ಸಿಂಟರ್ಡ್, ಅಂದರೆ ಲೋಹದ ಪುಡಿಯಿಂದ ಮಾಡಿದ ಪ್ಯಾಡ್ ಹಾಕಿ. ಸ್ವಲ್ಪ ಸದ್ದು ಮಾಡುತ್ತದೆ, ಆದರೆ ಬಾಳಿಕೆ ಬರುತ್ತದೆ.

ನನ್ನನ್ನು ಡಿಸ್ಕ್ ಕಡೆ ಎಳೆದದ್ದು ನಿಲ್ಲುವ ಶಕ್ತಿಗಿಂತ ರಿಮ್ ಸವೆತ. ಮಳೆಯಲ್ಲಿ ರಿಮ್ ಬ್ರೇಕ್ ಸೈಕಲ್ ಓಡಿಸಿ ಬಂದರೆ ಚಕ್ರದ ತುಂಬ ಕಪ್ಪು ಮಸಿ ಮೆತ್ತಿರುತ್ತದೆ. ಅದರಲ್ಲಿ ರಸ್ತೆಯ ಕೊಳೆ ಜೊತೆಗೆ ಪ್ಯಾಡಿನ ಪುಡಿ, ರಿಮ್‌ನ ಅಲ್ಯೂಮಿನಿಯಂ ಪುಡಿ ಎಲ್ಲವೂ ಇರುತ್ತದೆ. ಪ್ಯಾಡಿಗೆ ಅಂಟಿದ ಮರಳು ಉಜ್ಜುಕಾಗದದ ಹಾಗೆ ರಿಮ್ ತಿನ್ನುತ್ತದೆ. ಡಿಸ್ಕ್‌ನಲ್ಲಿ ಸವೆದದ್ದು ಪ್ಯಾಡ್, ತಪ್ಪಿದರೆ ರೋಟರ್, ಅಂದರೆ ಆ ಲೋಹದ ತಟ್ಟೆ. ಎರಡನ್ನೂ ಮನೆಯಲ್ಲೇ ಬದಲಿಸಬಹುದು. ರಿಮ್ ಸವೆದರೆ ಚಕ್ರವೇ ಹೋಯಿತು. ರಿಮ್ ಬ್ರೇಕ್ ಸೈಕಲ್ ಇರುವವರು ಕೂಲ್‌ಸ್ಟಾಪ್‌ನ ಸಾಮನ್ (ಕಿತ್ತಳೆ ಗುಲಾಬಿ) ಬಣ್ಣದ ಪ್ಯಾಡ್ ಹಾಕಿಕೊಳ್ಳಿ. ಒದ್ದೆಯಲ್ಲಿ ಹಿಡಿತ ನಿಜಕ್ಕೂ ಬದಲಾಗುತ್ತದೆ. ಮನೆಗೆ ಬಂದ ಕೂಡಲೇ ಪ್ಯಾಡ್, ರಿಮ್ ಎರಡನ್ನೂ ತೊಳೆಯಿರಿ.

ಅಂದ ಹಾಗೆ, ಮಲೆನಾಡಿನ ಮಳೆಗಾಲದಲ್ಲಿ ಸೈಕಲ್ ತುಳಿಯುವವರಿಗೂ ಇದೇ ಲೆಕ್ಕ. ಅಲ್ಲಿ ರಸ್ತೆಗೆ ಉಪ್ಪು ಹಾಕುವುದಿಲ್ಲ, ಆದರೆ ಕೆಮ್ಮಣ್ಣಿನ ರಾಡಿ ರಿಮ್ ಸವೆಸುವುದರಲ್ಲಿ ಏನೂ ಕಡಿಮೆಯಿಲ್ಲ.

ಮಡ್‌ಗಾರ್ಡ್ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ. ಬೆಂಗಳೂರಿನಲ್ಲಿ ರೋಡ್ ಬೈಕಿಗೆ ಮಡ್‌ಗಾರ್ಡ್ ಹಾಕಿದರೆ ಅಂದ ಕೆಡುತ್ತದೆ ಅನ್ನುತ್ತಾರೆ. ಇಲ್ಲಿ ಹಾಕದಿದ್ದರೆ ಅರ್ಧ ಗಂಟೆಯಲ್ಲಿ ಬೆನ್ನು, ಸೊಂಟ, ಪಾದ ಎಲ್ಲ ಒದ್ದೆ. 4 ಡಿಗ್ರಿ ಚಳಿಯಲ್ಲಿ ಒದ್ದೆ ಪಾದ ಇಟ್ಟುಕೊಂಡು ಮೂರು ಗಂಟೆ ತುಳಿಯಲು ಆಗುವುದಿಲ್ಲ. ತರಬೇತಿ ಅಲ್ಲಿಗೆ ಮುಗಿಯಿತು. ಇನ್ನು ಗುಂಪಿನಲ್ಲಿ ಹೋಗುವಾಗ ನಿಮ್ಮ ಹಿಂದಿನ ಚಕ್ರದ ನೀರು ಹಿಂದೆ ಬರುವವರ ಮುಖಕ್ಕೆ. ದಾರಿಯಲ್ಲಿ ದನ ದಾಟಿದ್ದರೆ ನೀರಿನ ಜೊತೆ ಸಗಣಿಯೂ. ಚಳಿಗಾಲದಲ್ಲಿ ಮಡ್‌ಗಾರ್ಡ್ ಇಲ್ಲದವರನ್ನು ಗುಂಪಿಗೆ ಸೇರಿಸದ ಕ್ಲಬ್‌ಗಳೂ ಇಲ್ಲಿವೆ. ಅದು ಸರಿ ಎಂದೇ ನನ್ನ ಅನಿಸಿಕೆ.

ನನ್ನ ಹಳೆಯ ಸೈಕಲ್ ಸೋತದ್ದು ಇಲ್ಲೇ. ರೇಸಿಗೆಂದು ಮಾಡಿದ ಫ್ರೇಮ್. ಬ್ರೇಕ್ ಮತ್ತು ಟೈರ್ ನಡುವೆ ಬೆರಳು ತೂರುವಷ್ಟೂ ಜಾಗವಿಲ್ಲ. ಸ್ಕ್ರೂ ಹಾಕುವ ತೂತೂ ಇಲ್ಲ. ರಬ್ಬರ್ ಪಟ್ಟಿಯಿಂದ ಕಟ್ಟುವ ಸಣ್ಣ ಮಡ್‌ಗಾರ್ಡ್ ಹಾಕಿದೆ. ಹಿಂಭಾಗ ಒಣಗಿರುತ್ತದೆ, ನಿಜ. ಪಾದಕ್ಕೆ ಮಾತ್ರ ರಕ್ಷಣೆಯಿಲ್ಲ. ಎಲೆ ಸಿಕ್ಕಿಕೊಂಡರೆ ದಾರಿಯುದ್ದಕ್ಕೂ ಚರಚರ ಸದ್ದು. ಟ್ರೈಬನ್ನಿನಲ್ಲಿ ಮಡ್‌ಗಾರ್ಡಿಗೆಂದೇ ತೂತುಗಳಿವೆ. 28 ಎಂಎಂ ಟೈರ್ ಮೇಲೆ ಎಸ್‌ಕೆಎಸ್‌ನ ಉದ್ದ ಮಡ್‌ಗಾರ್ಡ್ ಆರಾಮಾಗಿ ಕೂತಿತು. ಮುಂದಿನದ್ದರ ತುದಿಗೆ ಉದ್ದನೆಯ ರಬ್ಬರ್ ಫ್ಲ್ಯಾಪ್ ಇರಲಿ. ಪಾದವೂ ಉಳಿಯುತ್ತದೆ, ಬಾಟಮ್ ಬ್ರ್ಯಾಕೆಟ್ (ಪೆಡಲ್ ತಿರುಗುವ ಜಾಗ) ಬೇರಿಂಗೂ ಉಳಿಯುತ್ತದೆ. ಎಲ್ಲ ರಿಮ್ ಬ್ರೇಕ್ ಸೈಕಲ್‌ಗಳೂ ಹೀಗೆ ಇಕ್ಕಟ್ಟಲ್ಲ ಎಂಬುದನ್ನೂ ಹೇಳಬೇಕು. 47ರಿಂದ 57 ಎಂಎಂ ಉದ್ದ ಕೈಯ ಬ್ರೇಕ್ ಇರುವ ಹಳೆಯ ಆಡಾಕ್ಸ್ (ದೂರದ ಸವಾರಿಯ) ಫ್ರೇಮ್‌ಗಳಲ್ಲಿ ಪೂರ್ತಿ ಮಡ್‌ಗಾರ್ಡ್ ಹಿಡಿಸುತ್ತದೆ. ಅಂಥದ್ದು ಅಗ್ಗಕ್ಕೆ ಸಿಕ್ಕರೆ ಕಣ್ಣುಮುಚ್ಚಿ ಡಿಸ್ಕ್ ಹಿಂದೆ ಹೋಗಬೇಕಿಲ್ಲ.

ಗೇರ್‌ನಲ್ಲಿ ಮಾತ್ರ ಹಳೆಯ ಸೈಕಲಿಗೇ ನನ್ನ ಓಟು. 105 ನುಣುಪಾಗಿ ಬದಲಾಗುತ್ತದೆ, ಒಪ್ಪುತ್ತೇನೆ. ಚಳಿಗಾಲದಲ್ಲಿ ಅದು ಬೇಕಾ? 8 ಸ್ಪೀಡ್ ಚೈನ್, ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಎರಡೂ 11 ಸ್ಪೀಡಿನದ್ದಕ್ಕಿಂತ ಅಗ್ಗ. ಉಪ್ಪಿನಲ್ಲಿ ಯಾವ ಚೈನೂ ಬೇಗ ಸವೆಯುತ್ತದೆ, ಹಾಗಿರುವಾಗ ಅಗ್ಗದ್ದು ಸವೆಯಲಿ. ಅದಕ್ಕೇ ಹೊಸದಾಗಿ ಕೊಳ್ಳುವವರಿಗೆ 520ಕ್ಕಿಂತ ಶಿಮಾನೊ ಸೋರಾ 9 ಸ್ಪೀಡಿನ ಟ್ರೈಬನ್ ಆರ್‌ಸಿ 500 ಹುಡುಕಿ ಎನ್ನುತ್ತೇನೆ. ಉಳಿದ ದುಡ್ಡಿಗೆ ಒಳ್ಳೆಯ ಲೈಟ್ ಬರುತ್ತದೆ. ಡಿಸೆಂಬರಿನಲ್ಲಿ ಇಲ್ಲಿ ಬೆಳಿಗ್ಗೆ 8 ದಾಟಿದ ಮೇಲೆ ಸೂರ್ಯ, ಸಂಜೆ 4ಕ್ಕೆ ಮುಂಚೆಯೇ ಸೂರ್ಯಾಸ್ತ.

ಟೈರ್ ಬಗ್ಗೆ ಒಂದು ವಿಷಯ. ಹಕ್ಕಿಗಳು ಗೂಡು ಕಟ್ಟುವ ಕಾಲ ಮುಗಿದ ಮೇಲೆ, ಸೆಪ್ಟೆಂಬರಿನಿಂದ, ರೈತರು ಹೊಲದ ಬೇಲಿ ಕತ್ತರಿಸುತ್ತಾರೆ. ಹಾಥಾರ್ನ್ ಗಿಡದ ಮುಳ್ಳು ದಾರಿ ತುಂಬ. ಪಂಕ್ಚರ್ ಕಾಟ ತಡೆಯಲು ಕಾಂಟಿನೆಂಟಲ್‌ನ 4 ಸೀಸನ್‌ನಂಥ ಗಟ್ಟಿ ಟೈರ್ ಬೇಕು. ಹಳೆಯ ಫ್ರೇಮಿನಲ್ಲಿ 25 ಎಂಎಂ ದಾಟುವಂತಿಲ್ಲ. ಟ್ರೈಬನ್ನಿನ 28ಕ್ಕೆ ಗಾಳಿ ಸ್ವಲ್ಪ ಕಡಿಮೆ ಹಾಕಬಹುದು, ಒದ್ದೆಯಲ್ಲಿ ಹಿಡಿತವೂ ಸಿಗುತ್ತದೆ.

ತೂಕದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಮಡ್‌ಗಾರ್ಡ್, ಲೈಟು ಸೇರಿ ಟ್ರೈಬನ್ 10 ಕಿಲೋ ದಾಟುತ್ತದೆ. ಚಳಿಗಾಲದ ತರಬೇತಿ ಅಂದರೆ ಉಸಿರು ಕಟ್ಟದೆ, ಮಾತಾಡಿಕೊಂಡು, ಗಂಟೆಗಟ್ಟಲೆ ಒಂದೇ ಸಮನೆ ತುಳಿಯುವುದು. ಅದಕ್ಕೆ ಭಾರವಾದ ಸೈಕಲ್ ಏನೂ ಅಡ್ಡಿಯಲ್ಲ.

ಟರ್ಬೋ ಎಲ್ಲಿ ಗೆಲ್ಲುತ್ತದೆ? ಕೆಲಸ ಮುಗಿಸಿ ಬಂದ ಕತ್ತಲ ಸಂಜೆಗಳಲ್ಲಿ, ಮತ್ತು ರಸ್ತೆಯಲ್ಲಿ ಮಂಜುಗಡ್ಡೆ ಕಟ್ಟಿದ ದಿನ. ಕಣ್ಣಿಗೆ ಕಾಣದ ಆ ತೆಳು ಗಡ್ಡೆಯ ಮೇಲೆ ಡಿಸ್ಕ್ ಬ್ರೇಕ್ ಕೂಡ ಏನೂ ಮಾಡಲಾರದು. ತಾಪಮಾನ 3 ಡಿಗ್ರಿಗಿಂತ ಕೆಳಗಿದ್ದರೆ ನಾನು ಹಳ್ಳಿ ದಾರಿಗೆ ಹೋಗುವುದೇ ಇಲ್ಲ. ಟರ್ಬೋ ಮೇಲೆ ಸಿಗ್ನಲ್ ಇಲ್ಲ, ಇಳಿಜಾರಿಲ್ಲ, ಒಂದು ಗಂಟೆ ಅಂದರೆ ಪೂರ್ತಿ ಒಂದು ಗಂಟೆ ತುಳಿತ. ಜೋರಾಗಿ ತುಳಿದು ಬಿಟ್ಟು ಮತ್ತೆ ತುಳಿಯುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಜ್ವಿಫ್ಟ್‌ನಂಥ ಆಟ ಹಾಕಿಕೊಂಡರೆ ಬೇಸರವೂ ಕಡಿಮೆ. ಆದರೆ ಮೂರು ಗಂಟೆಯ ಸವಾರಿ ಅದರ ಮೇಲೆ ನನಗೆ ಆಗುವುದೇ ಇಲ್ಲ. ಗಾಳಿಗೆ ಎದುರಾಗಿ ತುಳಿಯುವುದು, ತಿರುವಿನಲ್ಲಿ ಸೈಕಲ್ ಬಾಗಿಸುವುದು, ಹಳ್ಳಿಯಲ್ಲಿ ನಿಲ್ಲಿಸಿ ಬಿಸಿ ಟೀ ಕುಡಿಯುವುದು ಯಾವುದೂ ಇಲ್ಲ. ಫ್ಯಾನ್ ಇಡಿ. ಹ್ಯಾಂಡಲ್ ಮೇಲೆ ಟವೆಲ್ ಹಾಕಿ. ಬೆವರಿನಲ್ಲೂ ಉಪ್ಪಿದೆ ಅಲ್ವಾ, ಅದೂ ಬೋಲ್ಟ್ ತಿನ್ನುತ್ತದೆ.

ಈಗ ನನ್ನ ಮನೆಯಲ್ಲಿ ಹಳೆಯ ಸೈಕಲ್ ಟರ್ಬೋ ಮೇಲೆ ನಿಂತಿದೆ, ಟ್ರೈಬನ್ ರಸ್ತೆಯಲ್ಲಿದೆ. ಒಂದೇ ಕೊಳ್ಳುವ ದುಡ್ಡಿದ್ದರೆ ಡಿಸ್ಕ್ ಇರುವ, ಮಡ್‌ಗಾರ್ಡಿಗೆ ತೂತು ಇರುವ ಸೈಕಲನ್ನೇ ಕೊಳ್ಳಿ. ಕೆಲಸ ಕೊಟ್ಟವರು ಸೈಕಲ್ ಟು ವರ್ಕ್ ಯೋಜನೆಗೆ ಸೇರಿದ್ದರೆ ಸಂಬಳದಿಂದ ಕಂತಿನಲ್ಲಿ ಕಟ್ಟಬಹುದು, ತೆರಿಗೆಯೂ ಉಳಿಯುತ್ತದೆ. ಸೆಕೆಂಡ್ ಹ್ಯಾಂಡ್ ನೋಡಲು ಹೋದರೆ ರಿಮ್ ಬದಿಗೆ ಬೆರಳಾಡಿಸಿ, ಒಳಕ್ಕೆ ತಗ್ಗಿದೆಯಾ ನೋಡಿ. ಚೈನ್ ಸವೆತ ಅಳೆಯುವ ಚೈನ್ ಗೇಜ್ ಜೇಬಿನಲ್ಲಿರಲಿ. ಮುಖ್ಯವಾಗಿ, ಮಾರುವವರಿಗೆ ಸೀಟ್‌ಪೋಸ್ಟ್ (ಸೀಟಿನ ಕಂಬ) ಸಡಿಲಿಸಿ ಮೇಲೆ ಕೆಳಗೆ ಮಾಡಿ ತೋರಿಸಲು ಹೇಳಿ. ಉಪ್ಪು ನೀರು ಇಳಿದು ಫ್ರೇಮಿಗೆ ಕಚ್ಚಿಕೊಂಡಿದ್ದರೆ ಅದನ್ನು ಬಿಡಿಸುವ ಖರ್ಚಿಗೆ ಇನ್ನೊಂದು ಸೈಕಲೇ ಬರುತ್ತದೆ.