ದಾನಕ್ಕೆ ಹೋಗಿ ದಂಡ ಕಟ್ಟಿದೆ: ಆಟೋ ಡೆಬಿಟ್, ಆ್ಯಪ್, ಬೇರೆ ಖಾತೆ – ನನಗೆ ಒಗ್ಗಿದ್ದು ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬೇರೆ ಖಾತೆಗೆ. ಸಂಬಳ ಬಂದ ದಿನವೇ 3% ತೆಗೆದು ಇನ್ನೊಂದು ಉಳಿತಾಯ ಖಾತೆಗೆ ಹಾಕುತ್ತೇನೆ. ಅಲ್ಲಿಂದ ಅದು ತಿಪಟೂರು ಕಡೆಯ ನಮ್ಮೂರ ಸರ್ಕಾರಿ ಶಾಲೆಗೆ ಹೋಗುತ್ತದೆ. ಇಷ್ಟು ಸರಳ ವಿಷಯ ತಲೆಗೆ ಹೋಗಬೇಕಾದರೆ ನಾನು ಬ್ಯಾಂಕಿಗೆ ಎರಡು ಸಲ ದಂಡ ಕಟ್ಟಬೇಕಾಯಿತು.

2024ರ ಜನವರಿ. ಬೆಂಗಳೂರಿನ ಒಂದು ಮೆಟ್ರೋ ಸ್ಟೇಷನ್ ಮೆಟ್ಟಿಲ ಕೆಳಗೆ ಟ್ಯಾಬ್ ಹಿಡಿದು ನಿಂತಿದ್ದ, ದಾನ ಕೂಡಿಸುವ ಸಂಸ್ಥೆಯೊಂದರ ಹುಡುಗಿ "ಸರ್, ಎರಡೇ ನಿಮಿಷ" ಅಂದಳು. ಎರಡು ಇಪ್ಪತ್ತಾಯಿತು. ಮಕ್ಕಳ ಓದಿಗೆ ತಿಂಗಳಿಗೆ 800 ರೂಪಾಯಿ. "ಟ್ಯಾಕ್ಸ್ ಪೂರ್ತಿ ಉಳಿಯುತ್ತೆ ಸರ್" ಅಂತ ಕೊನೆಯಲ್ಲಿ ಒಂದು ಬೆಲ್ಲದ ಚೂರು. ಡೆಬಿಟ್ ಕಾರ್ಡ್ ಕೊಟ್ಟೆ, ಒಟಿಪಿ ಹೇಳಿದೆ, ಮ್ಯಾಂಡೇಟ್ ಆಯಿತು, ಅಂದರೆ ತಿಂಗಳು ತಿಂಗಳು ಖಾತೆಯಿಂದ ತಾನಾಗಿ ದುಡ್ಡು ಎಳೆದುಕೊಳ್ಳಲು ಒಪ್ಪಿಗೆ. ಮನೆಗೆ ಹೋಗುವಾಗ ಎದೆ ಸ್ವಲ್ಪ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ.

ಎಂಟು ತಿಂಗಳು ಏನೂ ತೊಂದರೆ ಇಲ್ಲ. ದುಡ್ಡು ಹೋಗುತ್ತಿತ್ತು, ನಾನು ಮರೆತಿದ್ದೆ. ಸೆಪ್ಟೆಂಬರ್‌ನಲ್ಲಿ ತಂಗಿಯ ಹೆರಿಗೆ ಖರ್ಚಿಗೆ ಖಾತೆ ಬಳಿದು ಕೊಟ್ಟಿದ್ದೆ. 5ನೇ ತಾರೀಕು ಖಾತೆಯಲ್ಲಿ ಇದ್ದದ್ದು 612 ರೂಪಾಯಿ. 800 ಎಳೆಯಲು ಬಂದವರಿಗೆ ಸಿಗಲಿಲ್ಲ. ಮ್ಯಾಂಡೇಟ್ ಬೌನ್ಸ್ ಆದದ್ದಕ್ಕೆ ಬ್ಯಾಂಕ್ 250 ರೂಪಾಯಿ ಹಾಕಿತು, ಅದರ ಮೇಲೆ 18% ಜಿಎಸ್‌ಟಿ, ಒಟ್ಟು 295. ಆಯ್ತು, ನನ್ನದೇ ತಪ್ಪು ಅಂದುಕೊಂಡೆ. ನಾಲ್ಕು ದಿನ ಬಿಟ್ಟು ಸಂಸ್ಥೆಯವರು ಅದೇ ಮ್ಯಾಂಡೇಟನ್ನು ಇನ್ನೊಂದು ಸಲ ಕಳಿಸಿದರು. ಈಗ ಖಾತೆಯಲ್ಲಿ ಇನ್ನೂ ಕಡಿಮೆ. ಇನ್ನೊಂದು 295. ಉಳಿದದ್ದು 22 ರೂಪಾಯಿ. ಮಕ್ಕಳಿಗೆ ಆ ತಿಂಗಳು ಒಂದು ಪೈಸೆ ಹೋಗಲಿಲ್ಲ, ಬ್ಯಾಂಕಿಗೆ 590 ದಾನ ಮಾಡಿದೆ.

ನಿಲ್ಲಿಸೋಣ ಅಂತ ಫೋನ್ ಮಾಡಿದರೆ ಆ ಕಡೆಯವರು ಬಹಳ ನಯವಾಗಿ "500ಕ್ಕೆ ಇಳಿಸಲಾ ಸರ್?" ಅಂದರು. ಬೇಡಮ್ಮ, ನಿಲ್ಲಿಸಿ ಅಂದೆ. ಇಮೇಲ್ ಹಾಕಿ, ಮೂವತ್ತು ದಿನ ಆಗುತ್ತೆ ಅಂದರು. ಆ ಮೂವತ್ತು ದಿನದೊಳಗೆ ಅಕ್ಟೋಬರ್ 5 ಬಂತು, 800 ಹೋಯಿತು. ನೆಟ್ ಬ್ಯಾಂಕಿಂಗ್‌ನಲ್ಲಿ ನೋಡಿದೆ, ಮ್ಯಾಂಡೇಟ್ ಕಾಣುತ್ತಿತ್ತು, ರದ್ದು ಮಾಡುವ ಬಟನ್ ಮಾತ್ರ ಒತ್ತಿದರೂ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಅರ್ಧ ದಿನ ರಜೆ ಹಾಕಿ ಬ್ರಾಂಚಿಗೆ ಹೋದೆ. ಕೌಂಟರ್‌ನಲ್ಲಿದ್ದವರು ಯುಎಂಆರ್‌ಎನ್ ಕೇಳಿದರು. ಮ್ಯಾಂಡೇಟಿಗೆ ಇರುವ 20 ಅಕ್ಷರದ ನಂಬರ್ ಅದು. ಜನವರಿಯ ಮೆಸೇಜುಗಳ ರಾಶಿಯಲ್ಲಿ ಅದನ್ನು ಹುಡುಕಿ, ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಟ್ಟೆ. ನವೆಂಬರ್‌ನಿಂದ ನಿಂತಿತು. ಇದನ್ನು ಓದುತ್ತಿರುವವರು ಆಟೋ ಡೆಬಿಟ್ ಕೊಡುವುದಾದರೆ ಆ ನಂಬರನ್ನು ಮೊದಲ ದಿನವೇ ಎಲ್ಲಾದರೂ ಬರೆದಿಟ್ಟುಕೊಳ್ಳಿ. ಯುಪಿಐ ಆಟೋಪೇ ಆದರೆ ಇನ್ನೂ ವಾಸಿ, ಫೋನಿನಲ್ಲೇ ರದ್ದು ಮಾಡಬಹುದು.

ಆ ಟ್ಯಾಕ್ಸ್ ಬೆಲ್ಲದ ಕತೆಯನ್ನೂ ಹೇಳಿಬಿಡುತ್ತೇನೆ. ಆಗ ಜಾರಿಯಲ್ಲಿದ್ದ ಆದಾಯ ತೆರಿಗೆ ಕಾಯ್ದೆಯಲ್ಲಿ ದಾನಕ್ಕೆ ವಿನಾಯಿತಿ ಕೊಡುತ್ತಿದ್ದ ಸೆಕ್ಷನ್ 80ಜಿ. ಅದರ ಅಡಿ ಇಂಥ ಬಹುಪಾಲು ಸಂಸ್ಥೆಗಳಿಗೆ ಕೊಟ್ಟದ್ದರಲ್ಲಿ ಅರ್ಧ ಮಾತ್ರ ತೆರಿಗೆ ಹಾಕುವ ಆದಾಯದಿಂದ ಕಳೆಯುತ್ತಿತ್ತು. ವರ್ಷಕ್ಕೆ 9,600 ಕೊಟ್ಟರೆ 4,800. 20% ಸ್ಲ್ಯಾಬ್‌ನಲ್ಲಿದ್ದರೆ ಸೆಸ್ ಸೇರಿ ಉಳಿಯುವುದು ಸಾವಿರ ರೂಪಾಯಿಯೂ ಇಲ್ಲ. ಅದೂ ಹಳೆ ತೆರಿಗೆ ಪದ್ಧತಿಯಲ್ಲಿ. ಹೊಸ ಪದ್ಧತಿಯಲ್ಲಿದ್ದರೆ 80ಜಿ ಲೆಕ್ಕಕ್ಕೇ ಇರಲಿಲ್ಲ, ನಾನಿದ್ದದ್ದು ಹೊಸ ಪದ್ಧತಿಯಲ್ಲಿ. ದಾನ ಕೊಟ್ಟದ್ದಕ್ಕೆ ಪುರಾವೆಯಾಗಿ ಸಂಸ್ಥೆ ಕಳಿಸಿದ 10ಬಿಇ ಸರ್ಟಿಫಿಕೇಟ್ ಈಗಲೂ ಇಮೇಲ್‌ನಲ್ಲಿ ಸುಮ್ನೆ ಬಿದ್ದಿದೆ. ನಗದು ಕೊಡುವವರಿಗೆ ಇನ್ನೊಂದು ಮಾತು: ಹಳೆ ಪದ್ಧತಿಯಲ್ಲೂ 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ವಿನಾಯಿತಿ ಸಿಗುವುದಿಲ್ಲ.

ಎರಡನೆಯದು ಆ್ಯಪ್. ಆಸ್ಪತ್ರೆ ಖರ್ಚಿಗೆ ದುಡ್ಡು ಕೂಡಿಸುತ್ತಾರಲ್ಲ, ಅದು. ಒಂದು ಮಗುವಿನ ಆಪರೇಷನ್‌ಗೆ 500 ಹಾಕಲು ಹೋದೆ, ಸ್ಕ್ರೀನ್‌ನಲ್ಲಿ 575 ಬಂತು. ಆ 75 ಆ್ಯಪ್‌ನವರಿಗೆ 'ಟಿಪ್'. ಸೊನ್ನೆ ಮಾಡಬಹುದು, ಆದರೆ ಸೊನ್ನೆ ಇರುವುದು 'ಇತರೆ' ಅನ್ನೋದರ ಒಳಗೆ. ಅವರಿಗೂ ಖರ್ಚಿರುತ್ತೆ, ಒಪ್ಪೋಣ. ನನಗೆ ಆಗದೇ ಹೋದದ್ದು ಬೇರೆ. ಎಷ್ಟು ಕೊಡಬೇಕು ಅನ್ನೋದನ್ನು ಅಲ್ಲಿ ನಾನು ತೀರ್ಮಾನಿಸುತ್ತಿರಲಿಲ್ಲ, ಆ ದಿನದ ಫೋಟೋ ತೀರ್ಮಾನಿಸುತ್ತಿತ್ತು. ಒಂದು ತಿಂಗಳು 2,500 ಹೋಯಿತು, ಆಮೇಲೆ ಮೂರು ತಿಂಗಳು ಏನೂ ಇಲ್ಲ. ದಿನಾ ಬರುವ ವಾಟ್ಸಾಪ್ ಮೆಸೇಜ್ ನೋಡಿ ನೋಡಿ ಮನಸ್ಸು ಮರಗಟ್ಟಿತು. ಕೊನೆಗೆ ಬ್ಲಾಕ್ ಮಾಡಿದೆ. ಬ್ಲಾಕ್ ಮಾಡಿದ ಮೇಲೂ ಒಂದು ವಾರ ಕಸಿವಿಸಿ.

ದೇವಸ್ಥಾನದ ಅನ್ನದಾನಕ್ಕೆ ಹುಂಡಿಯಲ್ಲಿ ಹಾಕುವುದು ಇದರಲ್ಲಿ ಸೇರಿಲ್ಲ. ಅದು ಅಮ್ಮನ ಇಲಾಖೆ.

ಎಷ್ಟು ಕೊಡಬೇಕು ಅನ್ನೋದಕ್ಕೆ ಉತ್ತರ ಸಿಕ್ಕಿದ್ದೂ ಅಮ್ಮನಿಂದಲೇ. ಅದಕ್ಕೂ ಮುಂಚೆ ನಾನು ಅವರಿವರನ್ನು ಕೇಳಿದ್ದೆ. ಚರ್ಚಿಗೆ ಹೋಗುವ ಗೆಳೆಯ ದಶಾಂಶ ಅಂದ, ಅಂದರೆ 10%. ಸಿಖ್ಖರ ದಸ್ವಂಧ್ ಕೂಡ ಹತ್ತರಲ್ಲಿ ಒಂದು. ಮುಸ್ಲಿಮರ ಝಕಾತ್ 2.5% ಅಲ್ವಾ ಅಂತ ಪಕ್ಕದ ಸೀಟಿನವರನ್ನು ಕೇಳಿದರೆ ನಕ್ಕರು. ಅದು ಸಂಬಳದ ಮೇಲಲ್ಲ, ಒಂದು ಮಿತಿ ದಾಟಿ ವರ್ಷ ಪೂರ್ತಿ ಕೈಯಲ್ಲಿ ಉಳಿದ ಸಂಪತ್ತಿನ ಮೇಲೆ ಅಂದರು. ನನ್ನ ಹತ್ತಿರ ವರ್ಷ ಪೂರ್ತಿ ಉಳಿಯುವುದು ಸಾಲ ಮಾತ್ರ.

ಊರಿಗೆ ಹೋದಾಗ ಇದನ್ನೆಲ್ಲ ಹೇಳಿದೆ. ಅಮ್ಮ ಅಕ್ಕಿ ಅಳೆಯುತ್ತಿದ್ದರು. ಪಾವಿನಲ್ಲಿ ಅಳೆದು ಪಾತ್ರೆಗೆ ಸುರಿದರು, ತೊಳೆಯುವ ಮೊದಲು ಅದರಿಂದ ಒಂದು ಹಿಡಿ ತೆಗೆದು ಪಕ್ಕದ ಡಬ್ಬಿಗೆ ಹಾಕಿದರು. ನಾನು ಹುಟ್ಟಿದಾಗಿನಿಂದ ನೋಡುತ್ತಿರುವ ಡಬ್ಬಿ. ತುಂಬಿದಾಗ ಮಠಕ್ಕೋ, ಕಷ್ಟದಲ್ಲಿರುವ ಮನೆಗೋ ಹೋಗುತ್ತದೆ. "ಉಂಡು ಮಿಕ್ಕಿದ್ದು ಕೊಡ್ತೀನಿ ಅಂದ್ರೆ ಮಿಗೋದೇ ಇಲ್ಲ ಕಣೋ. ತೊಳೆಯೋ ಮುಂಚೆ ತೆಗೀಬೇಕು" ಅಂದರು.

2024ರ ಡಿಸೆಂಬರ್‌ನಲ್ಲಿ ಹಳೆಯದೊಂದು ಖಾತೆಗೆ ಜೀವ ಕೊಟ್ಟೆ, ಅದೇ ನನ್ನ ಡಬ್ಬಿ. ಕೈಗೆ ಬರುವ ಸಂಬಳ 58,000. ಹುಮ್ಮಸ್ಸಿನಲ್ಲಿ 5% ಅಂತ ಶುರು ಮಾಡಿದೆ, 2,900. ಎರಡು ತಿಂಗಳು ನಡೆಯಿತು. ಫೆಬ್ರವರಿಯಲ್ಲಿ ಎಲ್‌ಐಸಿ ಕಂತು ಬಂದಾಗ ಕೈ ಕಚ್ಚಿತು. 3%ಗೆ ಇಳಿಸಿದೆ, 1,740. ಅಲ್ಲಿಂದ ಒಂದು ತಿಂಗಳೂ ತಪ್ಪಿಲ್ಲ. ಯಾರಾದರೂ ಕೇಳಿದರೆ ಈಗ ಮುಖ ಮುಖ ನೋಡಬೇಕಿಲ್ಲ. ಡಬ್ಬಿಯಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಶಾಲೆಗೆ ಏನು ಬೇಕು ಅಂತ ಹೆಡ್‌ಮೇಷ್ಟ್ರನ್ನು ಕೇಳಿದೆ. ಅವರು ಬೀರು ತೆಗೆದು ತೋರಿಸಿದರು. ಒಳಗೆ ಬರೀ ಜಾಮಿಟ್ರಿ ಬಾಕ್ಸ್. "ಆಗಸ್ಟ್ 15ಕ್ಕೆ ಬರೋರೆಲ್ಲ ಇದನ್ನೇ ತರ್ತಾರೆ ಸ್ವಾಮಿ. ಪುಸ್ತಕ, ಸಮವಸ್ತ್ರ, ಶೂ, ಹಾಲು, ಊಟ ಸರ್ಕಾರದ್ದು. ನೋಟ್‌ಬುಕ್ ಮಾತ್ರ ಮಕ್ಕಳೇ ತರಬೇಕು." 62 ಮಕ್ಕಳಿಗೆ ತಲಾ ಆರು, ಅದರಲ್ಲಿ ಇಂಗ್ಲಿಷಿಗೆ ನಾಲ್ಕು ಗೆರೆಯದು ಒಂದು, ಗಣಿತಕ್ಕೆ ಗೆರೆ ಇಲ್ಲದ್ದು ಒಂದು ಅಂತ ಚೀಟಿ ಬರೆದುಕೊಟ್ಟರು. ತಿಪಟೂರಿನ ಹೋಲ್‌ಸೇಲ್ ಅಂಗಡಿಯಲ್ಲಿ ಒಂದಕ್ಕೆ 32 ರೂಪಾಯಿಯಂತೆ 372 ಪುಸ್ತಕ, 11,904 ರೂಪಾಯಿ. ಮೇ ಕೊನೆಗೆ ನನ್ನ ಖಾತೆಯಲ್ಲಿ ಇದ್ದದ್ದು 12,760. ಅಂಗಡಿಯವರಿಗೇ ಯುಪಿಐ ಮಾಡಿದೆ. ಶಾಲೆ ಶುರುವಾದ ವಾರ ಮಕ್ಕಳು ಲೇಬಲ್ ಮೇಲೆ ಹೆಸರು ಬರೆದು, ಉಫ್ ಅಂತ ಊದಿ ಇಂಕು ಆರಿಸುತ್ತಿರುವ ವಿಡಿಯೋ ಬಂತು.

ಇದರಲ್ಲೂ ಹುಳುಕಿದೆ. ರಸೀದಿ ಅಂದರೆ ಅಂಗಡಿ ಬಿಲ್ಲು ಅಷ್ಟೇ, ಟ್ಯಾಕ್ಸಿಗೆ ಬರುವುದಿಲ್ಲ. ಓಡಾಟ ನನ್ನದೇ. ದುಡ್ಡು ತಿಂಗಳುಗಟ್ಟಲೆ ಸುಮ್ಮನೆ ಕೂತಿರುತ್ತದೆ, ಅದಕ್ಕೆ ಕೈ ಹಾಕಬೇಕು ಅಂತ ಅನ್ನಿಸುತ್ತದೆ. ಒಂದು ಸಲ ಫೋನ್ ಡಿಸ್‌ಪ್ಲೇ ಒಡೆದಾಗ ಕೈ ಹಾಕಿದ್ದೆ ಕೂಡ, ಮುಂದಿನ ಸಂಬಳಕ್ಕೆ ವಾಪಸ್ ಹಾಕಿದೆ. ಊರಿನ ನಂಟು ಇಲ್ಲದವರಿಗೆ, ಓಡಾಡಲು ಪುರುಸೊತ್ತು ಇಲ್ಲದವರಿಗೆ, ಹಳೆ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಆಟೋ ಡೆಬಿಟ್ಟೇ ಸರಿ ಇರಬಹುದು. ಖಾತೆಯಲ್ಲಿ ಯಾವಾಗಲೂ ನಾಲ್ಕು ಕಾಸು ಉಳಿಯುವವರಾಗಿದ್ದರೆ ಇನ್ನೂ ಸರಿ. ನನ್ನ ಖಾತೆ ಆ ಜಾತಿಯದ್ದಲ್ಲ.

ಈಗ ಡಬ್ಬಿಯಲ್ಲಿ 7,816 ಇದೆ. ನಿನ್ನೆ ಹೆಡ್‌ಮೇಷ್ಟ್ರು ಫೋನ್ ಮಾಡಿದ್ದರು. ನೋಟ್‌ಬುಕ್ ಸಾಕಷ್ಟಿದೆಯಂತೆ, ಬಿಸಿಯೂಟದ ಮನೆಗೆ ನೀರೆತ್ತುವ ಮೋಟಾರ್ ಸುಟ್ಟುಹೋಗಿದೆಯಂತೆ. ಕಾಯಿಲ್ ಕಟ್ಟಿಸಲು 3,500 ಕೇಳಿದ್ದಾರೆ. ರಿಪೇರಿ ಅಂಗಡಿಯವನ ಕ್ಯೂಆರ್ ಕೋಡ್ ಫೋಟೋ ಬೆಳಿಗ್ಗೆಯೇ ಬಂದಿದೆ.