ಹತ್ತು ವರ್ಷ, ಒಂದೇ ಫ್ರಂಟ್ ಲೋಡ್ ಮೆಷಿನ್: ಹಾಳು ಮಾಡಿದ್ದು ಬಟ್ಟೆಯಲ್ಲ, ಸೋಪು

ನಮ್ಮ ಮನೆಯ ಫ್ರಂಟ್ ಲೋಡ್ ವಾಷಿಂಗ್ ಮೆಷಿನ್‌ಗೆ ಹತ್ತು ವರ್ಷ ತುಂಬಿತು. 7 ಕೆಜಿ, 1200 ಆರ್‌ಪಿಎಂ (ಹಿಂಡುವಾಗ ಡ್ರಮ್ ನಿಮಿಷಕ್ಕೆ ತಿರುಗುವ ಸುತ್ತು), ಒಳಗೇ ನೀರು ಕಾಯಿಸುವ ಹೀಟರ್ ಇರುವ ಮಾಡೆಲ್. ಮನೆಯಲ್ಲಿ ನಾಲ್ಕು ಜನ, ವಾರಕ್ಕೆ ನಾಲ್ಕೈದು ಸಲ ಓಡುತ್ತದೆ. ಮೊದಲ ತಿಂಗಳು ಯಾವ ಮೆಷಿನ್ ಆದರೂ ಚೆನ್ನಾಗಿಯೇ ಒಗೆಯುತ್ತದೆ. ಅದರ ನಿಜವಾದ ಗುಣ ಗೊತ್ತಾಗುವುದು ವಾರಂಟಿ ಮುಗಿದ ಮೇಲೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಫ್ರಂಟ್ ಲೋಡ್ ತಗೊಂಡಿದ್ದು ನೀರು ಉಳಿಯಲಿ ಅಂತ. ಟಾಪ್ ಲೋಡ್‌ನಲ್ಲಿ ಬಟ್ಟೆ ನೀರಲ್ಲಿ ಮುಳುಗಬೇಕು. ಇದರಲ್ಲಿ ಡ್ರಮ್ ಬಟ್ಟೆಯನ್ನು ಮೇಲೆತ್ತಿ ಕೆಳಗೆ ಬೀಳಿಸುತ್ತದೆ. ಹಾಗೆ ಎತ್ತಿ ಬೀಳಿಸುವುದೇ ಒಗೆತ. ತಳದಲ್ಲಿ ಸ್ವಲ್ಪ ನೀರಿದ್ದರೆ ಸಾಕು. ಆ ಮಾತನ್ನು ಮೆಷಿನ್ ಉಳಿಸಿಕೊಂಡಿದೆ. ಬಟ್ಟೆಯೂ ಬೇಗ ಸವೆದಿಲ್ಲ. ಆದರೆ ಕಾಟನ್ ಪ್ರೋಗ್ರಾಂ ಹಾಕಿದರೆ ಎರಡು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಬೆನ್ನು ನೋವಿರುವವರಿಗೆ ಪ್ರತಿ ಸಲ ಬಗ್ಗುವುದು ಕಷ್ಟ. ಎತ್ತರದ ಸ್ಟ್ಯಾಂಡ್ ಹಾಕಿಸುವುದಾದರೆ ಅದು ಅಲುಗಾಡದಷ್ಟು ಗಟ್ಟಿ ಇರಬೇಕು.

ತೊಂದರೆ ಶುರುವಾಗಿದ್ದು ಎರಡನೇ ವರ್ಷ. ಒಗೆದ ಟವೆಲ್ ಒಣಗಿದಾಗ ಏನೂ ಅನ್ನಿಸುತ್ತಿರಲಿಲ್ಲ. ಸ್ನಾನ ಮಾಡಿ ಮೈ ಒರೆಸಿಕೊಂಡ ತಕ್ಷಣ ಮುಗ್ಗಲು ವಾಸನೆ. ಸೋಪು ಸಾಲುತ್ತಿಲ್ಲ ಅಂದುಕೊಂಡು ಇನ್ನೊಂದು ಚಮಚ ಪುಡಿ ಹಾಕಿದೆ. ಸುವಾಸನೆಗೆ ಫ್ಯಾಬ್ರಿಕ್ ಸಾಫ್ಟ್‌ನರ್ ಸುರಿದೆ. ವಾಸನೆ ಹೆಚ್ಚಾಯಿತೇ ಹೊರತು ಕಮ್ಮಿ ಆಗಲಿಲ್ಲ.

ಒಂದು ದಿನ ಬಾಗಿಲ ಸುತ್ತ ಇರುವ ದಪ್ಪ ರಬ್ಬರಿನ ಮಡಿಕೆಯನ್ನು ಬೆರಳಲ್ಲಿ ಬಿಡಿಸಿ ನೋಡಿದೆ. ಮೇಲ್ಭಾಗ ಸ್ವಚ್ಛವಾಗಿತ್ತು. ಕೆಳಗಿನ ಮಡಿಕೆಯೊಳಗೆ ಅರ್ಧ ಲೋಟದಷ್ಟು ಬೂದು ನೀರು. ಅದರಲ್ಲಿ ಕೂದಲು, ನೂಲಿನ ಧೂಳು, ಮಗಳ ಒಂದು ರಿಬ್ಬನ್. ಬಟ್ಟೆ ಹಾಕಿ ಒರೆಸಿದರೆ ಕಪ್ಪು ಲೋಳೆ ಅಂಟಿಕೊಂಡು ಬಂತು. ಆ ಮಡಿಕೆಯ ತಳದಲ್ಲಿ ನೀರು ಇಳಿದು ಹೋಗಲೆಂದು ಸಣ್ಣ ತೂತುಗಳಿವೆ. ಅವು ಧೂಳಿನಿಂದ ಪೂರ್ತಿ ಕಟ್ಟಿಕೊಂಡಿದ್ದವು. ನನಗೆ ಅಲ್ಲಿ ತೂತುಗಳಿವೆ ಅನ್ನುವುದೇ ಗೊತ್ತಿರಲಿಲ್ಲ.

ಆಮೇಲೆ ಓದಿ, ಮಾಡಿ ನೋಡಿ ತಿಳಿದುಕೊಂಡೆ. ಫ್ರಂಟ್ ಲೋಡ್‌ಗೆ ಜಾಸ್ತಿ ಸೋಪು ಶತ್ರು. ನೊರೆ ಹೆಚ್ಚಾದರೆ ಡ್ರಮ್ ಒಳಗೆ ಅದೇ ಹಾಸಿಗೆಯಾಗುತ್ತದೆ. ಬಟ್ಟೆ ಮೆತ್ತಗೆ ಬೀಳುತ್ತದೆ, ಕೊಳೆ ಬಿಡುವುದಿಲ್ಲ. ಇರುವ ಸ್ವಲ್ಪ ನೀರಲ್ಲಿ ಅಷ್ಟೂ ಸೋಪು ಜಾಲಿಸಿ ಹೋಗುವುದೂ ಇಲ್ಲ. ಉಳಿದದ್ದು ಡ್ರಮ್ಮಿನ ಹಿಂದೆ, ಪೈಪಿನೊಳಗೆ ಪದರವಾಗಿ ಕೂರುತ್ತದೆ. ಸಾಫ್ಟ್‌ನರ್‌ನ ಜಿಡ್ಡೂ ಜೊತೆಗೆ ಸೇರುತ್ತದೆ. ಯಾವಾಗಲೂ ತಣ್ಣೀರಲ್ಲೇ ಒಗೆದು, ಕೆಲಸ ಮುಗಿದ ಕೂಡಲೇ ಬಾಗಿಲು ಮುಚ್ಚಿದರೆ ಬೂಷ್ಟಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಕಾ? ನಾವು ಎರಡು ವರ್ಷ ಮಾಡಿದ್ದು ಅದನ್ನೇ.

ನಿಮ್ಮ ಮನೆಯಲ್ಲೂ ಹೀಗೇ ಆಗಿದೆಯಾ ಅಂತ ನೋಡಲು ಸುಲಭದ ದಾರಿ ಇದೆ. ಒಗೆದು ಒಣಗಿಸಿದ ನಾಲ್ಕೈದು ಟವೆಲ್ ಹಾಕಿ, ಸೋಪು ಹಾಕದೆ, 40 ಡಿಗ್ರಿಯಲ್ಲಿ ಓಡಿಸಿ. ಹದಿನೈದು ನಿಮಿಷದ ನಂತರ ಗಾಜಿನಲ್ಲಿ ನೋಡಿ. ನಾನು ನೋಡಿದಾಗ ಗಾಜಿನ ಅರ್ಧದವರೆಗೂ ಬಿಳಿ ನೊರೆ ಇತ್ತು. ಒಂದು ಚಿಟಿಕೆ ಪುಡಿಯನ್ನೂ ಹಾಕಿರಲಿಲ್ಲ! ಹಾಗೇ ಮೂರು ಸಲ ಓಡಿಸಿದ ಮೇಲೆ ನೀರು ತಿಳಿಯಾಯಿತು.

ಅವತ್ತಿಂದ ಫ್ರಂಟ್ ಲೋಡ್‌ಗೆಂದೇ ಮಾಡಿದ, ನೊರೆ ಕಮ್ಮಿ ಬರುವ ಡಿಟರ್ಜೆಂಟ್ ಮಾತ್ರ, ಅದೂ ಮೊದಲು ಹಾಕುತ್ತಿದ್ದುದರ ಅರ್ಧ. ಗಡಸು ನೀರಿದ್ದರೆ ಸ್ವಲ್ಪ ಜಾಸ್ತಿ ಬೇಕಾಗುತ್ತದೆ. ಕೊನೆಯ ರಿನ್ಸ್‌ನಲ್ಲೂ ನೊರೆ ಕಂಡರೆ ಮುಂದಿನ ಸಲ ಇನ್ನೂ ಕಡಿಮೆ ಮಾಡಬೇಕು. ಟವೆಲ್‌ಗೆ ಸಾಫ್ಟ್‌ನರ್ ಪೂರ್ತಿ ನಿಲ್ಲಿಸಿದೆವು. ಅದು ನೂಲಿನ ಮೇಲೆ ಪದರ ಕಟ್ಟುವುದರಿಂದ ಟವೆಲ್ ನೀರು ಹೀರುವುದೇ ಕಮ್ಮಿಯಾಗುತ್ತದೆ. ವಾರಕ್ಕೊಮ್ಮೆ ಟವೆಲ್, ಬೆಡ್‌ಶೀಟ್ 60 ಡಿಗ್ರಿಯಲ್ಲಿ. ಒಗೆದಾದ ಮೇಲೆ ರಬ್ಬರ್ ಒರೆಸಿ, ಬಾಗಿಲನ್ನೂ ಸೋಪಿನ ಟ್ರೇಯನ್ನೂ ಸ್ವಲ್ಪ ತೆರೆದಿಡುತ್ತೇವೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಮಾತ್ರ ಹುಷಾರು, ಡ್ರಮ್ ಒಳಗೆ ನುಸುಳಿಬಿಡುತ್ತವೆ. ಅಂಥ ಕಡೆ ಆ ಕೋಣೆಯ ಬಾಗಿಲು ಹಾಕಿರಬೇಕು.

ಹೀಟರ್ ಮೇಲೆ ಸುಣ್ಣದ ಪದರ ಕೂರದಿರಲು ಮೂರು ತಿಂಗಳಿಗೊಮ್ಮೆ ಸುಮಾರು 100 ಗ್ರಾಂ ಸಿಟ್ರಿಕ್ ಆಸಿಡ್ ಖಾಲಿ ಡ್ರಮ್ಮಿಗೆ ಹಾಕಿ 60 ಡಿಗ್ರಿಯಲ್ಲಿ ಓಡಿಸುತ್ತೇನೆ. ಇದರ ಜೊತೆ ಬ್ಲೀಚ್ ಯಾವತ್ತೂ ಸೇರಬಾರದು. ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಅದು ವಿಷ. ವಿನೆಗರ್ ಮತ್ತು ಅಡುಗೆ ಸೋಡಾ ಬೆರೆಸಿ ಹಾಕಿ ಅಂತ ತುಂಬ ಜನ ಹೇಳುತ್ತಾರೆ. ಒಂದು ಆಮ್ಲ, ಇನ್ನೊಂದು ಕ್ಷಾರ. ಬುರುಬುರು ಅಂತ ಗುಳ್ಳೆ ಬರುತ್ತದೆ, ಆದರೆ ಒಂದರ ಶಕ್ತಿಯನ್ನು ಇನ್ನೊಂದು ಕಳೆದುಬಿಡುತ್ತದೆ.

ನಾಲ್ಕನೇ ವರ್ಷ ಒಮ್ಮೆ ನೀರು ಹೊರಗೆ ಹೋಗದೆ ಮೆಷಿನ್ ನಿಂತಿತ್ತು. ಮುಂದೆ ಕೆಳಮೂಲೆಯ ಪುಟ್ಟ ಮುಚ್ಚಳದ ಹಿಂದೆ ಪಂಪಿನ ಫಿಲ್ಟರ್ ಇರುತ್ತದೆ. ಪ್ಲಗ್ ತೆಗೆದು, ಅಲ್ಲೇ ಇರುವ ಸಣ್ಣ ಪೈಪಿನಿಂದ ನೀರು ಬಸಿದು ಫಿಲ್ಟರ್ ತಿರುಗಿಸಿದರೆ ಎರಡು ನಾಣ್ಯ, ಒಂದು ಹೇರ್‌ಪಿನ್, ಮುದ್ದೆಯಾದ ನೂಲು. ಹತ್ತು ನಿಮಿಷದ ಕೆಲಸ. ಈಗ ತಿಂಗಳಿಗೊಮ್ಮೆ ಮಾಡುತ್ತೇವೆ.

ದೊಡ್ಡ ರಿಪೇರಿ ಬಂದದ್ದು ಎಂಟನೇ ವರ್ಷ. ಹಿಂಡುವಾಗ ಗುಂಯ್‌ಗುಡುವ ಸದ್ದು ವಾರ ವಾರಕ್ಕೂ ಜೋರಾಗುತ್ತಾ ಹೋಯಿತು. ಡ್ರಮ್ಮನ್ನು ಕೈಯಲ್ಲಿ ತಿರುಗಿಸಿದರೆ ಹಿಂದೆ ಕಲ್ಲು ಉಜ್ಜಿದ ಹಾಗೆ ಕೇಳಿಸುತ್ತಿತ್ತು. ಬೇರಿಂಗ್ ಹೋಗಿದೆ ಅಂದರು ಮೆಕ್ಯಾನಿಕ್. ಅವರು ಡ್ರಮ್ ಹೊರಗೆ ತೆಗೆದಾಗ ನಾನು ಪಕ್ಕದಲ್ಲೇ ಇದ್ದೆ. ಡ್ರಮ್ಮಿನ ಬೆನ್ನಿಗೆ ಮೂರು ತೋಳಿನ ಅಲ್ಯೂಮಿನಿಯಂ ಚೌಕಟ್ಟು ಇರುತ್ತದೆ, ಸ್ಪೈಡರ್ ಅನ್ನುತ್ತಾರೆ. ಅದರ ಸಂದಿಗಳಲ್ಲೆಲ್ಲ ಬೂದು ಬಣ್ಣದ ಗಟ್ಟಿ ಮುದ್ದೆ. ಅವರು ಸ್ಕ್ರೂಡ್ರೈವರ್‌ನಿಂದ ಒಂದು ತುಂಡು ಕೆತ್ತಿ ನನ್ನ ಕೈಗಿಟ್ಟರು. "ಇದು ಮಣ್ಣಲ್ಲ ಮೇಡಂ, ನಿಮ್ಮ ಸೋಪು" ಅಂದರು. ಮೊದಲ ಎರಡು ವರ್ಷ ಸುರಿದದ್ದು ಅಲ್ಲೇ ಕೂತಿತ್ತು. ಒದ್ದೆ ಸೋಪು ಹೀಗೆ ಕೂತರೆ ಅಲ್ಯೂಮಿನಿಯಂ ನಿಧಾನವಾಗಿ ತಿಂದು ಹೋಗುತ್ತದೆ. ಪಕ್ಕದಲ್ಲೇ ಸ್ಟೀಲ್ ಡ್ರಮ್ ತಾಗಿಕೊಂಡಿರುವುದರಿಂದ ಇನ್ನೂ ಬೇಗ. ನಮ್ಮದರಲ್ಲಿ ಒಂದು ತೋಳಿನ ಮೇಲ್ಮೈ ಚುಕ್ಕಿ ಚುಕ್ಕಿಯಾಗಿ ತಿಂದಿತ್ತು, ಪುಣ್ಯಕ್ಕೆ ಸೀಳಿರಲಿಲ್ಲ. ಬೇರಿಂಗ್, ಅದರ ಸೀಲ್ ಎರಡನ್ನೂ ಬದಲಿಸಿದರು.

ಅದು ಸಾಧ್ಯವಾಗಿದ್ದು ನಮ್ಮ ಮೆಷಿನ್ನಿನ ಹೊರ ಟಬ್, ಅಂದರೆ ಡ್ರಮ್ಮಿನ ಸುತ್ತ ನೀರು ಹಿಡಿದಿಡುವ ತೊಟ್ಟಿ, ಎರಡು ಭಾಗವಾಗಿ ಬೋಲ್ಟ್ ಹಾಕಿ ಕೂಡಿಸಿದ್ದರಿಂದ. ಎಷ್ಟೋ ಮಾಡೆಲ್‌ಗಳಲ್ಲಿ ಟಬ್ಬನ್ನು ಪೂರ್ತಿ ಬೆಸೆದಿರುತ್ತಾರೆ. ಅಂಥದ್ದರಲ್ಲಿ ಬೇರಿಂಗ್ ಹೋದರೆ ಸಾಮಾನ್ಯವಾಗಿ ಇಡೀ ಟಬ್ಬೇ ಬದಲಿಸಬೇಕು. ಕೊಳ್ಳುವಾಗ ಪ್ರೋಗ್ರಾಂ ಎಷ್ಟಿವೆ ಅಂತ ಕೇಳುವ ಬದಲು ಇದನ್ನು ಕೇಳಿ. 1200ಕ್ಕೂ 1400 ಆರ್‌ಪಿಎಂಗೂ ಇರುವ ವ್ಯತ್ಯಾಸ ಮನೆ ಬಳಕೆಗೆ ದೊಡ್ಡದಲ್ಲ. 7 ಕೆಜಿ ಅಂದರೆ ಒಣ ಹತ್ತಿ ಬಟ್ಟೆಯ ತೂಕ. ಸಿಂಥೆಟಿಕ್ ಪ್ರೋಗ್ರಾಂನಲ್ಲಿ ಸುಮಾರು ಅದರ ಅರ್ಧ ಮಾತ್ರ ಹಾಕಬೇಕು. ಡ್ರಮ್ಮಿನಲ್ಲಿ ಬಟ್ಟೆಯ ಮೇಲೆ ಒಂದು ಅಂಗೈ ಅಗಲದಷ್ಟು ಜಾಗ ಬಿಟ್ಟರೆ ಸರಿ.

ಇನ್ನೊಂದು ಮಾತು. ಹೊಸ ಮೆಷಿನ್ ಹಿಂದೆ ಸಾಗಣೆಗೆಂದು ಬಿಗಿದ ಉದ್ದ ಬೋಲ್ಟ್‌ಗಳಿರುತ್ತವೆ. ಓಡಿಸುವ ಮೊದಲು ಅವನ್ನು ತೆಗೆಯಲೇಬೇಕು, ಆದರೆ ಬಿಸಾಡಬಾರದು. ಮನೆ ಬದಲಿಸಿದಾಗ ನಮಗೆ ಅವೇ ಬೇಕಾದವು.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಆ ರಬ್ಬರಿನ ಮಡಿಕೆಗೆ. ತೂತುಗಳನ್ನು ಇನ್ನೊಂದಿಷ್ಟು ದೊಡ್ಡದು ಮಾಡಿದ್ದರೆ, ಅವನ್ನು ಶುಚಿ ಮಾಡಿ ಅಂತ ಪುಸ್ತಕದಲ್ಲಿ ಎದ್ದು ಕಾಣುವ ಹಾಗೆ ಬರೆದಿದ್ದರೆ, ಆ ಎರಡನೇ ವರ್ಷದ ವಾಸನೆ ತಪ್ಪುತ್ತಿತ್ತು.