ಆಹಾರದ ಲೋಹ ಪರೀಕ್ಷೆಗೆ ಮೈಕ್ರೋವೇವ್ ಡೈಜೆಷನ್ ಯಂತ್ರ: ಎರಡು ವರ್ಷ ಬಳಸಿದ ಮೇಲೆ

ನಾನು ಕೆಲಸ ಮಾಡುವ ಆಹಾರ ಪರೀಕ್ಷಾ ಪ್ರಯೋಗಾಲಯಕ್ಕೆ ಮುಚ್ಚಿದ ಪಾತ್ರೆಗಳ ಮೈಕ್ರೋವೇವ್ ಡೈಜೆಷನ್ ಯಂತ್ರ ಬಂದು ಎರಡು ವರ್ಷವಾಯಿತು. ಅಕ್ಕಿ, ರಾಗಿ, ಅರಿಶಿನ, ಕಾಫಿ, ಹಣ್ಣಿನ ರಸ, ಹಾಲಿನ ಪುಡಿ ಮುಂತಾದವುಗಳಲ್ಲಿ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಮತ್ತು ಪಾದರಸವನ್ನು ಅಳೆಯುವ ಮುನ್ನ ಮಾದರಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ತಿಳಿಯಾದ ದ್ರಾವಣ ಮಾಡಿಕೊಡುವುದು ಇದರ ಕೆಲಸ. ಪ್ರಯೋಗಾಲಯ ನೋಡಲು ಬರುವವರೆಲ್ಲ ದ್ರಾವಣವನ್ನು ಪ್ಲಾಸ್ಮಾ ಎಂಬ ಅತಿ ಬಿಸಿ ಅನಿಲದಲ್ಲಿ ಅಯಾನುಗಳಾಗಿಸಿ, ಅವುಗಳ ದ್ರವ್ಯರಾಶಿ ನೋಡಿ ಲೋಹವನ್ನು ಅಳೆಯುವ ಐಸಿಪಿ-ಎಂಎಸ್ ಯಂತ್ರದ ಮುಂದೆ ನಿಂತು ಅದರ ಬೆಲೆ ಕೇಳುತ್ತಾರೆ. ಆದರೆ ಕರಗಿಸುವಾಗ ಹಾರಿಹೋದ ಪಾದರಸವನ್ನು ಎಂಥ ದುಬಾರಿ ಯಂತ್ರವೂ ಮರಳಿ ಹುಡುಕಿಕೊಡಲಾರದು. ಫಲಿತಾಂಶದ ನಂಬಿಕೆ ನಿಂತಿರುವುದು ಬಹುಮಟ್ಟಿಗೆ ಈ ಮೊದಲ ಹಂತದ ಮೇಲೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ನಾವು ಹಾಟ್ ಪ್ಲೇಟ್ ಮೇಲೆ ಬೀಕರ್ ಇಟ್ಟು ಕರಗಿಸುತ್ತಿದ್ದೆವು. ತೆರೆದ ಪಾತ್ರೆಯಲ್ಲಿ ನೈಟ್ರಿಕ್ ಆಮ್ಲ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗೆ ಕುದಿದು ಆವಿಯಾಗುತ್ತದೆ. ಅದಕ್ಕಿಂತ ಹೆಚ್ಚು ಬಿಸಿ ಏರಿಸಲು ಸಾಧ್ಯವಿಲ್ಲ, ಕೊಬ್ಬು ಪೂರ್ತಿ ಒಡೆಯುವುದಿಲ್ಲ, ಪಾದರಸ ನಿಲ್ಲುವುದಿಲ್ಲ. ಮುಚ್ಚಿದ ಪಾತ್ರೆಯಲ್ಲಿ ಒತ್ತಡ ಏರುವುದರಿಂದ ಅದೇ ಆಮ್ಲ 200 ಡಿಗ್ರಿಯವರೆಗೂ ದ್ರವವಾಗಿಯೇ ಉಳಿದು ಕೆಲಸ ಮಾಡುತ್ತದೆ. ಜೈವಿಕ ಮಾದರಿಗಳನ್ನು ಮೈಕ್ರೋವೇವ್ ಒಲೆಯಲ್ಲಿ ಆಮ್ಲದೊಂದಿಗೆ ಕರಗಿಸಿದ ವರದಿ ಪ್ರಕಟವಾದದ್ದು 1975ರಲ್ಲಿ. ಅಲ್ಲಿಂದ ಇಂದಿನ ಯಂತ್ರ ಬಹಳ ದೂರ ಬಂದಿದೆ; ತಾಪಮಾನದ ನಿಯಂತ್ರಣದಲ್ಲಿ ನಮ್ಮ ಯಂತ್ರದ ಬಗ್ಗೆ ನನಗೆ ದೂರಿಲ್ಲ.

ದೂರು ಇರುವುದು ಅದರೊಂದಿಗೆ ಬಂದ ಸಿದ್ಧ ಕಾರ್ಯಕ್ರಮಗಳ ಬಗ್ಗೆ. ಕೈಪಿಡಿಯಲ್ಲಿ ಎಲ್ಲ ಒಣ ಆಹಾರಕ್ಕೂ ಒಂದೇ ಕ್ರಮ: 0.5 ಗ್ರಾಂ ಮಾದರಿ, ಆಮ್ಲ, ಬೇಗನೆ ಏರುವ ತಾಪ. ಅರಿಶಿನವನ್ನು ಹಾಗೆ ಹಾಕಿದ ಮೊದಲ ದಿನವೇ ಅದರ ಎಣ್ಣೆಯಂಶ ಆಮ್ಲದೊಂದಿಗೆ ರಭಸದಿಂದ ವರ್ತಿಸಿ, ಮೂರು ಪಾತ್ರೆಗಳು ಒತ್ತಡ ತಾಳದೆ ಅನಿಲ ಹೊರಬಿಟ್ಟವು. ಆ ಮಾದರಿಗಳು ವ್ಯರ್ಥವಾದವು. ಈಗ 0.3 ಗ್ರಾಂ ಮಾತ್ರ ತೂಗಿ, ಆಮ್ಲ ಹಾಕಿ, ಮುಚ್ಚಳವಿಲ್ಲದೆ, ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್‌ನಲ್ಲಿ ಅರ್ಧ ಗಂಟೆ ಬಿಟ್ಟು, ನೊರೆ ಇಳಿದ ಮೇಲೆ ಮುಚ್ಚಿ ನಿಧಾನವಾಗಿ ತಾಪ ಏರಿಸುತ್ತೇವೆ. ವೈನ್‌ನಂಥ ಪಾನೀಯವಾದರೆ ಮೊದಲು ಮದ್ಯಸಾರವನ್ನು ಆವಿಯಾಗಿಸಲೇಬೇಕು, ಸೋಡಾ ಪಾನೀಯವಾದರೆ ಅನಿಲ ತೆಗೆಯಬೇಕು. ಇಷ್ಟು ಮುಖ್ಯವಾದ ಎಚ್ಚರಿಕೆಗಳು ಕೈಪಿಡಿಯ ಮೊದಲ ಪುಟದಲ್ಲಿ ಇರಬೇಕಿತ್ತು.

ಅಕ್ಕಿ ಕಲಿಸಿದ ಪಾಠ ಇನ್ನೂ ಸೂಕ್ಷ್ಮವಾದದ್ದು. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ ಪರೀಕ್ಷೆಯ ಸರಿತಪ್ಪು ನೋಡಿಕೊಳ್ಳಲೆಂದು ಕೊಡುವ ಪ್ರಮಾಣಿತ ಅಕ್ಕಿ ಹಿಟ್ಟು 1568ಬಿಯಲ್ಲಿ ಒಟ್ಟು ಆರ್ಸೆನಿಕ್ ಕಿಲೋಗೆ 0.285 ಮಿಲಿಗ್ರಾಂ ಎಂದು ದೃಢೀಕರಿಸಲಾಗಿದೆ. 160 ಡಿಗ್ರಿಯಲ್ಲಿ ಕರಗಿಸಿದಾಗ ದ್ರಾವಣ ತಿಳಿ ಹಳದಿಯಾಗಿ ಚೆನ್ನಾಗಿಯೇ ಕಂಡರೂ ನಮಗೆ ಉತ್ತರ ಹೆಚ್ಚಾಗಿ ಬರುತ್ತಿತ್ತು. ಪೂರ್ತಿ ಸುಡದೆ ಉಳಿದ ಇಂಗಾಲ ಪ್ಲಾಸ್ಮಾದಲ್ಲಿ ಆರ್ಸೆನಿಕ್‌ನ ಅಯಾನೀಕರಣವನ್ನು ಹೆಚ್ಚಿಸಿ ಇಲ್ಲದ ಲೋಹವನ್ನು ತೋರಿಸುತ್ತದೆ. 200 ಡಿಗ್ರಿಗೆ ಏರಿಸಿ, ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿದ ಮೇಲೆ ಉತ್ತರ ಪ್ರಮಾಣಿತ ಮೌಲ್ಯದ ಮಿತಿಯೊಳಗೆ ಬಂದು ನಿಂತಿತು. ಪಾದರಸವನ್ನು ದ್ರಾವಣದಲ್ಲಿ ಹಿಡಿದಿಡಲು ಹಾಕುವ ಹೈಡ್ರೋಕ್ಲೋರಿಕ್ ಆಮ್ಲದ್ದು ಬೇರೆಯೇ ಸಂಕಟ: ಅದರ ಕ್ಲೋರಿನ್ ಆರ್ಗಾನ್ ಜೊತೆ ಕೂಡಿ 75ರ ದ್ರವ್ಯರಾಶಿಯಲ್ಲಿ, ಅಂದರೆ ಸರಿಯಾಗಿ ಆರ್ಸೆನಿಕ್ ಇರುವಲ್ಲೇ, ಬಂದು ಕೂರುತ್ತದೆ. ಆದ್ದರಿಂದ ಆ ಆಮ್ಲವನ್ನು ಹನಿಗಳ ಲೆಕ್ಕದಲ್ಲಿ ಹಾಕಿ, ಆರ್ಸೆನಿಕ್ಕನ್ನು ಇಂಥ ಕೂಡಿದ ಅಯಾನುಗಳನ್ನು ಹೀಲಿಯಂ ಅನಿಲದಿಂದ ತಡೆಯುವ ಕ್ರಮದಲ್ಲೇ ಓದುತ್ತೇವೆ. ರಾಗಿಯಲ್ಲಿ ತಳಕ್ಕೆ ಇಳಿಯುವ ಬಿಳಿ ಸಿಲಿಕಾವನ್ನು ಕಂಡು ಹೊಸಬರು ಗಾಬರಿಯಾಗಬೇಕಿಲ್ಲ. ನೈಟ್ರಿಕ್ ಆಮ್ಲಕ್ಕೆ ಅದು ಕರಗುವುದಿಲ್ಲ. ಆದರೂ ಮಾದರಿಗೆ ಗೊತ್ತಿರುವಷ್ಟು ಲೋಹ ಸೇರಿಸಿ, ಅಷ್ಟೂ ಮರಳಿ ಸಿಗುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕು.

ನನಗೆ ಅತಿ ಮುಖ್ಯವೆನಿಸಿದ್ದು ಬ್ಲ್ಯಾಂಕ್, ಅಂದರೆ ಮಾದರಿ ಇಲ್ಲದೆ ಬರೀ ಆಮ್ಲ ಹಾಕಿ ಓಡಿಸಿದ ಪಾತ್ರೆ; ಹೊರಗಿನಿಂದ ಎಷ್ಟು ಲೋಹ ಸೇರುತ್ತಿದೆ ಎಂದು ತೋರಿಸುವುದು ಅದೇ. ಅರ್ಧ ಗ್ರಾಂ ಆಹಾರವನ್ನು 50 ಮಿಲಿಲೀಟರ್‌ಗೆ ತಂದಾಗ ದ್ರಾವಣದಲ್ಲಿ ಲೀಟರಿಗೆ ಕೇವಲ 0.1 ಮೈಕ್ರೋಗ್ರಾಂ ಸೀಸ ಹೊರಗಿನಿಂದ ಸೇರಿದರೂ ಅದು ಆಹಾರದಲ್ಲಿ ಕಿಲೋಗೆ 0.01 ಮಿಲಿಗ್ರಾಂ ಎಂದಾಗುತ್ತದೆ. ಕುಡಿಸಲು ಸಿದ್ಧವಾದ ಶಿಶು ಆಹಾರಕ್ಕೆ ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆಯಾದ ಕೋಡೆಕ್ಸ್ ಇಟ್ಟಿರುವ ಸೀಸದ ಮಿತಿಯೇ ಅಷ್ಟು. ನಮ್ಮ ದೇಶದ ನಿಯಮದಲ್ಲಿ ಅರಿಶಿನಕ್ಕಿರುವ ಮಿತಿ ಕಿಲೋಗೆ 10 ಮಿಲಿಗ್ರಾಂ, ಎಂದರೆ ಸಾವಿರ ಪಟ್ಟು. ನಿನ್ನೆ ಕಲಬೆರಕೆ ಅರಿಶಿನ ಕರಗಿಸಿದ ಪಾತ್ರೆಯಲ್ಲಿ ಇಂದು ಮಗುವಿನ ಹಾಲಿನ ಪುಡಿ ಹಾಕಿದರೆ ಏನಾದೀತೆಂದು ಹೇಳಬೇಕಿಲ್ಲ. ನಾವು ಮಸಾಲೆಗೆ ಒಂದು ಜೊತೆ, ಶಿಶು ಆಹಾರಕ್ಕೆ ಇನ್ನೊಂದು ಜೊತೆ ಪಾತ್ರೆ ಇಟ್ಟಿದ್ದೇವೆ. ಎರಡನೇ ಜೊತೆಯ ಖರ್ಚು ಹೆಚ್ಚೆಂದು ಆಡಳಿತದವರು ಹಿಂಜರಿದಾಗ ನಾನು ಪಟ್ಟು ಹಿಡಿದೆ, ಇಂದಿಗೂ ಅದು ಸರಿ ಎನ್ನುತ್ತೇನೆ. ಅರಿಶಿನದ ಮಾತು ಬಂದದ್ದರಿಂದ ಒಂದು ಅನುಕೂಲವನ್ನೂ ಹೇಳಬೇಕು: ಅದೇ ದ್ರಾವಣದಲ್ಲಿ ಕ್ರೋಮಿಯಂ ಕೂಡ ಅಳೆದು, ಸೀಸದ ತೂಕ ಅದರ ಸುಮಾರು ನಾಲ್ಕು ಪಟ್ಟು ಇದ್ದರೆ, ಬಣ್ಣಕ್ಕಾಗಿ ಸೀಸದ ಕ್ರೋಮೇಟ್ ಬೆರೆಸಿದ್ದಾರೆಂಬ ಬಲವಾದ ಸುಳಿವು ಸಿಗುತ್ತದೆ.

ಮಾರಾಟದ ನಂತರದ ಸೇವೆ ನಿರಾಶೆ ತಂದಿತು. ತಾಪಮಾನದ ಸೆನ್ಸರ್ ಕೆಟ್ಟಾಗ ತಂತ್ರಜ್ಞರು ಬರಲು ಮೂರು ವಾರ ಹಿಡಿಯಿತು, ಅಷ್ಟೂ ದಿನ ಹಾಟ್ ಪ್ಲೇಟ್ ಮತ್ತೆ ಹೊರಬಂತು. ಮುಚ್ಚಳದ ಸೀಲ್‌ಗಳು ಸವೆಯುವ ವೇಗವನ್ನು ಕೊಳ್ಳುವಾಗ ಯಾರೂ ತಿಳಿಸಿರಲಿಲ್ಲ.

ಇಷ್ಟಾದರೂ ಪಾದರಸ ಮತ್ತು ಆರ್ಸೆನಿಕ್ ಅಳೆಯಬೇಕಾದ ಪ್ರಯೋಗಾಲಯ ಈ ಬಗೆಯ ಯಂತ್ರ ಕೊಳ್ಳುವುದೇ ಸರಿ. ಕೊಳ್ಳುವ ಮುನ್ನ ಪ್ರಾತ್ಯಕ್ಷಿಕೆಗೆ ಅವರು ತರುವ ಹಾಲಿನ ಪುಡಿಯನ್ನು ಒಪ್ಪಬೇಡಿ. ನಿಮ್ಮದೇ ಅರಿಶಿನ ಮತ್ತು ಪ್ರಮಾಣಿತ ಅಕ್ಕಿ ಹಿಟ್ಟನ್ನು ಕೊಡಿ. ಅರಿಶಿನ ಕರಗಿಸಿದ ಪಾತ್ರೆಗಳನ್ನು ಅವರ ಕ್ರಮದಲ್ಲೇ ತೊಳೆಸಿ, ಮರು ಸುತ್ತಿನಲ್ಲಿ ಅವುಗಳಲ್ಲಿ ಬರೀ ಆಮ್ಲ ಓಡಿಸಿ, ಪ್ರತಿ ಪಾತ್ರೆಯ ಸೀಸದ ಬ್ಲ್ಯಾಂಕ್ ಅಂಕಿಯನ್ನು ಬರಹದಲ್ಲಿ ಕೇಳಿ.